ಕೋರ್ಟಿನ ಕಡೆ ಒಂದು ಟೈಪಿಂಗ್ ಅಂಗಡಿ: ‘ನೋಡಿದವ’ ಅನ್ನೋದಕ್ಕ ಬರೋಬ್ಬರಿ ಇಂಗ್ಲಿಷ್ ಶಬ್ದ ಸಿಕ್ಕಿದ್ದು ಇಲ್ಲೇ

ಕಲಬುರಗಿಯೊಳಗ ಕನ್ನಡ ಕಾಗದ ಇಂಗ್ಲಿಷಿಗೆ ಮಾಡಿಸೋ ಕೆಲಸ ಯಾರಿಗರ ಇತ್ತಂದ್ರ ಇದನ್ನ ಪೂರಾ ಓದ್ರಿ. ಜಿಲ್ಲಾ ಕೋರ್ಟಿನ ಕಡೆ ಒಂದು ಸಣ್ಣ ಅಂಗಡಿ ಅದ, ಬೋರ್ಡಿನ ಮ್ಯಾಲ ಹೆಸರಿಲ್ಲ, ‘ಟೈಪಿಂಗ್, ಜೆರಾಕ್ಸ್, ಅನುವಾದ’ ಅಂತ ಅಷ್ಟೇ ಬರ್ದದ. ನಡೆಸೋರು ಅರವತ್ತು ದಾಟಿದ ಒಬ್ಬ ಚಾಚಾ. ನನ್ನ ಹೆಸರು ನಂಬರ್ ಎಲ್ಲೂ ಹಾಕಬ್ಯಾಡ್ರಿ ಮಾಸ್ತರ್ ಅಂದಾರ, ಅದಕ್ಕ ಹಾಕಿಲ್ಲ. ಆ ಕಡೆ ಹೋಗಿ ‘ಉರ್ದು ಬರೋ ಟೈಪಿಸ್ಟ್ ಚಾಚಾ ಎಲ್ಲಿ ಕೂಡ್ತಾರ’ ಅಂತ ಯಾವ ವಕೀಲರ ಗುಮಾಸ್ತಗ ಕೇಳಿದ್ರೂ ತೋರಿಸ್ತಾನ.

ಮೊದಲು ನನ್ನ ಕೆಲಸ ಏನಿತ್ತು ಅಂತ ಹೇಳ್ತೀನಿ. ನಾ ಕಮಲಾಪುರ ಕಡೆ ಒಂದು ಹೈಸ್ಕೂಲಿನಾಗ ಕನ್ನಡ ಮಾಸ್ತರ. ಐದು ವರ್ಷದ ಹಿಂದ ಒಂದು ಸಂಜಿ ಸಾಲಿ ಬಿಟ್ಟ ಮ್ಯಾಲ ಹುಮನಾಬಾದ್ ರೋಡಿನ ಬಾಜೂಕ ಕೆಂಪು ಬಾಳೆಹಣ್ಣು ಕೊಳ್ಳಲಕತ್ತಿದ್ದೆ, ರೊಕ್ಕ ಎಣಿಸಿ ಕೊಡೂದ್ರಾಗ ಹಿಂದ ದೊಡ್ಡ ಸಪ್ಪಳ ಆಯ್ತು, ತಿರುಗಿ ನೋಡಿದ್ರ ಒಬ್ಬ ಹುಡುಗ ಬೈಕ್ ಸಮೇತ ಬಿದ್ದಿದ್ದ, ಲಾರಿ ರಾಂಗ್ ಸೈಡಿನಾಗ ಇನ್ನೂ ಚಾಲೂ ಇತ್ತು. ಹುಡುಗನ್ನ ಟಂಟಂ ಆಟೋದಾಗ ಹಾಕ್ಕೊಂಡು ದವಾಖಾನಿಗೆ ಒಯ್ದೆವು. ಜೀವ ಉಳೀತು, ಕಾಲು ಮಾತ್ರ ಸರಿ ಆಗಲಿಲ್ಲ. ಕ್ಲೇಮ್ ಕೇಸಿನಾಗ ನಾ ಸಾಕ್ಷಿ ಹೇಳಿದೆ, ಹುಡುಗನ ಕಡೆ ಆರ್ಡರ್ ಆಯ್ತು, ಇನ್ಶೂರೆನ್ಸ್‌ನವರು ಮ್ಯಾಲಿನ ಕೋರ್ಟಿಗೆ ಹೋದ್ರು. ಇಲ್ಲಿಂದ ಅನುವಾದದ ಕೆಲಸ ಚಾಲೂ ಆಗ್ತದ. ಕೆಳಗಿನ ಕೋರ್ಟಿನಾಗ ಕನ್ನಡ ನಡೀತದ, ಹೈಕೋರ್ಟಿನ ಭಾಷಾ ಇಂಗ್ಲಿಷ್, ಸಂವಿಧಾನದ 348ನೇ ವಿಧಿ ಹಂಗ ಹೇಳ್ತದ. ನಮ್ಮ ಪುಣ್ಯಕ್ಕ ಹೈಕೋರ್ಟಿನ ಪೀಠ ನಮ್ಮೂರಾಗೇ ಅದ, 2008ರಾಗ ಸಂಚಾರಿ ಪೀಠ ಆಗಿ ಬಂದು 2013ರಾಗ ಕಾಯಂ ಆಯ್ತು, ಇಲ್ಲಂದ್ರ ಆ ಹುಡುಗನ ಅಪ್ಪ ಪಾಪ ಬೆಂಗಳೂರಿಗೆ ಎಷ್ಟು ಸಲ ಓಡ್ಯಾಡಬೇಕಿತ್ತೋ. ಅಂವ ಕೂಲಿ ಮಾಡೋ ಮನಷ್ಯಾ, ಓದಲಿಕ್ಕೆ ಬರಂಗಿಲ್ಲ, ‘ಮಾಸ್ತರೇ ಈ ಕಾಗದ ನೀವೇ ಇಂಗ್ಲಿಷ್ ಮಾಡಿಸಿ ಕೊಡ್ರಿ’ ಅಂದ, ನಾ ಹೂಂ ಅಂದೆ. ಏಳು ಪುಟ. ಅದರಾಗ ನನ್ನ ಹೇಳಿಕಿನೂ ಇತ್ತು, ಪಾಟೀ ಸವಾಲೂ ಇತ್ತು.

ಮೊದಲು ಬ್ಯಾರೆ ಒಂದು ಅಂಗಡಿಗೆ ಹೋಗಿದ್ದೆ, ಹೆಸರು ಬ್ಯಾಡ. ಎಸಿ ಅದ, ಮೂರು ಕಂಪ್ಯೂಟರ್ ಅವ, ಪುಟಕ್ಕ 50 ರೂಪಾಯಿ, ಇಪ್ಪತ್ತು ಮಿನಿಟಿನಾಗ ಪ್ರಿಂಟ್ ಕೈಯಾಗ ಇಟ್ರು. ಖುಷಿಯಿಂದ ಮನಿಗೆ ತಂದೆ. ನಮ್ಮಣ್ಣನ ಮಗಳು ಸೈಕಾಲಜಿ ಎಂಎ ಓದ್ಲಕತ್ತಾಳ, ಅಕಿ ಕಣ್ಣಾಡಿಸಿ ‘ಕಾಕಾ, ಇದರಾಗ ನಿಮ್ಮನ್ನ ಸ್ಪೆಕ್ಟೇಟರ್ ಅಂತ ಬರ್ದಾರಲ್ಲ, ನೀವೇನು ಮ್ಯಾಚ್ ನೋಡ್ಲಿಕ್ಕೆ ಹೋಗಿದ್ರೇನು’ ಅಂದ್ಳು. ನಾನೂ ಕೂತು ಓದಿದೆ. ಎರಡನೇ ಪುಟದಾಗ ನಾ ಸ್ಪೆಕ್ಟೇಟರ್, ನಾಕನೇ ಪುಟದಾಗ ಅಬ್ಸರ್ವರ್, ಐದನೇ ಪುಟದಾಗ ಐವಿಟ್ನೆಸ್. ಒಬ್ಬನೇ ಮನಷ್ಯಾ, ಒಂದೇ ಜಾಗದಾಗ ನಿಂತಾಂವ, ಮೂರು ಹೆಸರು. ಕನ್ನಡದಾಗ ಎಲ್ಲಾ ಕಡೆ ‘ನೋಡಿದೆ’ ಅಂತ ಅಷ್ಟೇ ಅದ. ಆಕಡಿ ವಕೀಲರ ಕೈಯಾಗ ಇದು ಸಿಕ್ಕರ ಏನಾಗ್ತಿತ್ತು ಅಂತ ನೆನಸಿದ್ರ ಈಗೂ ಎದಿ ಧಸಕ್ ಅಂತದ. ಒಂದು ಕಡೆ ಸುಮ್ಮ ಮಜಾ ನೋಡಿದಾಂವ, ಇನ್ನೊಂದು ಕಡೆ ಎಲ್ಲಾ ಕಣ್ಣಾರೆ ಕಂಡಾಂವ ಅಂದ್ರ ಹೇಳಿಕಿ ಸುಳ್ಳು ಅನ್ನಲಿಕ್ಕೆ ಅಷ್ಟೇ ಸಾಕಲ್ಲ.

ಮರುದಿನ ಒಬ್ಬ ಗುಮಾಸ್ತ ಈ ಚಾಚಾನ ಅಂಗಡಿ ತೋರಿಸ್ದ. ಕೂಡಲಿಕ್ಕೆ ಜಾಗ ಇಲ್ಲ, ಒಂದು ಸ್ಟೂಲ್ ಅದ, ಅದರ ಮ್ಯಾಲ ಫೈಲ್ ಇರ್ತಾವ. ಹಳಿ ಟೈಪ್‌ರೈಟರ್ ಮೂಲ್ಯಾಗ ಮುಚ್ಚಿಟ್ಟಾರ, ಈಗ ಕಂಪ್ಯೂಟರ್, ಕನ್ನಡ ಟೈಪಿಂಗಿಗೆ ‘ನುಡಿ’ ಸಾಫ್ಟ್‌ವೇರ್. ಕಾಗದ ಕೊಟ್ಟೆ. ರೇಟ್ ಹೇಳೋದಕ್ಕಿಂತ ಮೊದಲು ಏಳೂ ಪುಟ ಓದಿದ್ರು, ಪೆನ್ಸಿಲಿನಿಂದ ಹತ್ತು ಹನ್ನೆರಡು ಕಡೆ ಟಿಕ್ ಹಾಕಿದ್ರು, ಆಮ್ಯಾಲ ಕನ್ನಡಕ ತಗದು ನನಗ ಕೇಳಿದ್ರು ನೋಡ್ರಿ, ‘ಮಾಸ್ತರ್, ಡಿಕ್ಕಿ ಹೊಡೆಯೋದು ನೀವು ನೋಡಿರೋ, ಇಲ್ಲಾ ಸಪ್ಪಳ ಕೇಳಿ ತಿರುಗಿದ್ರೋ?’

ಎಸಿ ಅಂಗಡಿಯವರು ಇದನ್ನ ಕೇಳಿರಲೇ ಇಲ್ಲ. ಸಪ್ಪಳ ಕೇಳಿ ತಿರುಗಿದೆ ಅಂದೆ. ‘ಹಂಗಾರ ಡಿಕ್ಕಿಗೆ ನೀವು ಐವಿಟ್ನೆಸ್ ಅಲ್ಲ, ಲಾರಿ ಎಲ್ಲಿತ್ತು ಅನ್ನೋದಕ್ಕ ಐವಿಟ್ನೆಸ್. ಕಾಗದದಾಗೂ ಹಂಗೇ ಅದ, ನಾ ಒಂದು ಕಾಳು ಹೆಚ್ಚು ಹಾಕಂಗಿಲ್ಲ ಒಂದು ಕಾಳು ಕಮ್ಮಿ ಮಾಡಂಗಿಲ್ಲ’ ಅಂದ್ರು. ಕಣ್ಣಿಗೆ ಕಾಣೋ ಸಂಗತಿ ಆದ್ರ ಅದನ್ನ ತಾನೇ ಕಂಡೆ ಅನ್ನಾಂವನ ಮಾತೇ ಕೋರ್ಟಿಗೆ ಬೇಕು, ಇದು 1872ರ ಸಾಕ್ಷ್ಯ ಕಾಯ್ದೆಯ 60ನೇ ಕಲಮಿನಾಗ ಇತ್ತು, 2023ರ ಹೊಸ ಕಾಯ್ದಿಯೊಳಗೂ ಆ ಮಾತು ಹಂಗೇ ಉಳಿಸ್ಯಾರ. ಅಂದ್ರ ಏನು ನೋಡಿದ್ದು, ಯಾವಾಗಿಂದ ನೋಡಿದ್ದು ಅನ್ನೋದು ಶಬ್ದದಾಗೇ ಬರೋಬ್ಬರಿ ಕೂಡಬೇಕು.

ಆಮ್ಯಾಲ ನಡೆದ ಮಾತಿಗೆ ನಾ ರೊಕ್ಕ ಕೊಟ್ಟಿಲ್ಲ, ಆದ್ರ ನಂಗ ಎಲ್ಲಕ್ಕಿಂತ ಬೆಲಿ ಅನಿಸಿದ್ದು ಅದೇ. ಒಂದು ಹಳಿ ಲಕೋಟಿ ಹಿಂದ ಬರೀತಾ ಬರೀತಾ ಹೇಳಿದ್ರು. ನೋಡಾಂವಗ ಇಂಗ್ಲಿಷಿನಾಗ ಭಾಳ ಹೆಸರವ, ಅಂವ ಅಲ್ಲಿ ಯಾಕ ನಿಂತಿದ್ದ ಅನ್ನೋದರ ಮ್ಯಾಲ ಹೆಸರು ಬದಲಾಗ್ತದ.

ಸ್ಪೆಕ್ಟೇಟರ್ ಅಂದ್ರ ನೋಡಬೇಕಂತೇ ಹೋದಾಂವ. ಕುಸ್ತಿ, ಕ್ರಿಕೆಟ್, ಮೆರವಣಿಗಿ. ಲ್ಯಾಟಿನ್‌ದಾಗ ‘ಸ್ಪೆಕ್ಟಾರೆ’ ಅಂದ್ರ ನೋಡೋದು, ಸ್ಪೆಕ್ಟಕಲ್ ಅನ್ನೋದೂ ಅದರ ತಮ್ಮ. ಚಾಚಾ ಇದಕ್ಕ ಉರ್ದುವಿನಾಗ ‘ತಮಾಶ್‌ಬೀನ್’ ಅಂದ್ರು, ತಮಾಷಾ ನೋಡಾಂವ. ನಮ್ಮ ಶರಣಬಸವೇಶ್ವರ ಜಾತ್ರಿ ತೇರಿನ ದಿನ ಬರೋ ಮಂದಿ ಎಲ್ಲಾ ಸ್ಪೆಕ್ಟೇಟರ್ರೇನು ಅಂತ ನಾ ಕೇಳ್ದೆ. ತೇರಿಗೆ ಉತ್ತತ್ತಿ ಬಾಳೆಹಣ್ಣು ಒಗಿಯೋರು ಸ್ಪೆಕ್ಟೇಟರ್ ಅಲ್ಲ, ಅವರು ಜಾತ್ರಿ ಮಾಡೋರು, ಮಾಳಿಗಿ ಮ್ಯಾಲ ಕೂತು ನೋಡ್ತಾರಲ್ಲ ಅವರು ಸ್ಪೆಕ್ಟೇಟರ್ ಅಂದ್ರು. ನಂಗ ಈ ಪರಕ್ ಭಾಳ ಹಿಡಿಸ್ತು. ಮತ್ತ ಆಡಿಯನ್ಸ್ ಅನ್ನೋದು ಮೂಲದಾಗ ‘ಕೇಳೋ’ ಮಂದಿ, ಹಾಡು ಭಾಷಣ ನಾಟಕಕ್ಕ ಹೊಂದ್ತದ, ಕುಸ್ತಿ ಕಣಕ್ಕ ಹೊಂದಂಗಿಲ್ಲ. ಟಿವಿ ಮುಂದ ಕೂತಾಂವ ವ್ಯೂವರ್.

ಅಬ್ಸರ್ವರ್ ಅಂದ್ರ ಲಕ್ಷ್ಯ ಇಟ್ಟು ನೋಡಾಂವ, ಭಾಳ ಸಲ ಅದೇ ಅಂವನ ಡ್ಯೂಟಿ ಇರ್ತದ. ಇದು ನಂಗ ಬ್ಯಾರೆಯವರು ಹೇಳೋದು ಬೇಕಿಲ್ಲ, ಎಲೆಕ್ಷನ್ ಡ್ಯೂಟಿಗೆ ಹೋದ ಮಾಸ್ತರಗೋಳಿಗೆ ಎಲ್ಲಾರಿಗೂ ಗೊತ್ತದ, ಚುನಾವಣಾ ವೀಕ್ಷಕರು ಬರ್ತಾರಂದ್ರ ಬೂತ್ ತುಂಬ ಓಡ್ಯಾಟ. 1951ರ ಪ್ರಜಾಪ್ರತಿನಿಧಿ ಕಾಯ್ದಿಯೊಳಗ 20ಬಿ ಕಲಮು ಅವರಿಗೇ ಅದ. ಅವರು ಮತ ಹಾಕಸಂಗಿಲ್ಲ, ಎಣಸಂಗಿಲ್ಲ, ನೋಡಿ ಆಯೋಗಕ್ಕ ವರದಿ ಕಳಸ್ತಾರ. ಬಾಳೆಹಣ್ಣು ಕೊಳ್ಳೋ ನನಗ ಅಬ್ಸರ್ವರ್ ಅಂದ್ರ ನಾ ಆ ಲಾರಿ ಕಾಯ್ಲಿಕ್ಕೇ ಅಲ್ಲಿ ನಿಂತಿದ್ದೆ ಅಂದಂಗ ಆಗ್ತದ. ಹಕ್ಕಿ ನೋಡೋರು, ನಕ್ಷತ್ರ ನೋಡೋರು ಅಬ್ಸರ್ವರ್ ಖರೆ. ಈ ಶಬ್ದದ ಹೊಟ್ಟ್ಯಾಗ ‘ಕಾಪಾಡು, ಪಾಲಿಸು’ ಅನ್ನೋ ಅರ್ಥನೂ ಅದ, ಅದಕ್ಕೇ ರಂಜಾನಿನ ರೋಜಾ, ಅಂದ್ರ ಉಪಾಸ, ಹಿಡಿಯೋದಕ್ಕೂ ವ್ರತ ಆಚರಿಸೋದಕ್ಕೂ ಇಂಗ್ಲಿಷಿನಾಗ ಅಬ್ಸರ್ವ್ ಅಂತಾರ.

ವಿಟ್ನೆಸ್ ಮ್ಯಾಲ ನಾವಿಬ್ಬರೂ ಭಾಳ ಹೊತ್ತು ಕೂತೆವು, ಎರಡು ಸಲ ಚಹಾ ಬಂತು. ಇಂಗ್ಲಿಷಿನಾಗ ಅದರ ಬೇರು ‘ವಿಟ್’, ಅಂದ್ರ ತಿಳುವಳಿಕಿ, ಗೊತ್ತಿರೋದು. ನಮ್ಮ ‘ಸಾಕ್ಷಿ’ಯೊಳಗ ‘ಅಕ್ಷಿ’ ಅದ, ಕಣ್ಣು. ಪಾಣಿನಿ ಸೂತ್ರದಾಗೂ ಸಾಕ್ಷಿ ಅಂದ್ರ ಸಾಕ್ಷಾತ್ ನೋಡಿದಾಂವ ಅಂತೇ ಅದ. ಅಂದ್ರ ಅವರ ವಿಟ್ನೆಸ್ ಗೊತ್ತಿದ್ದಾಂವ, ನಮ್ಮ ಸಾಕ್ಷಿ ಕಂಡಾಂವ. ಉರ್ದುವಿನಾಗ ‘ಗವಾಹ್’, ಕಣ್ಣಾರೆ ಕಂಡಿದ್ರ ‘ಚಶ್ಮದೀದ್ ಗವಾಹ್’ ಅಂತ ಚಾಚಾ ಹೇಳಿದ್ರು, ಚಶ್ಮ್ ಅಂದ್ರ ಕಣ್ಣು, ದೀದ್ ಅಂದ್ರ ಕಂಡದ್ದು. ಅವರ ಅಬ್ಬಾ ನಿಜಾಮರ ಕಾಲದಾಗ ಕಚೇರಿಯೊಳಗ ನಕಲು ಬರೀತಿದ್ರಂತ, ಆಗ ಇಲ್ಲಿ ಕೋರ್ಟೆಲ್ಲಾ ಉರ್ದು, 1956ರಾಗ ಮೈಸೂರು ರಾಜ್ಯಕ್ಕ ಸೇರೋತನ ನಾವು ಹೈದರಾಬಾದ್ ರಾಜ್ಯದಾಗೇ ಇದ್ದೆವಲ್ಲ. ವಕಾಲತ್‌ನಾಮಾ, ಪಂಚನಾಮಾ ಅಂತ ಈಗೂ ನಮ್ಮ ಬಾಯಾಗ ಉಳದದ. ಮೂರು ಭಾಷಾದಾಗ ಒಂದೊಂದು ಶಬ್ದ ತೂಗಿ ನೋಡೋ ರೂಢಿ ಇವರಿಗೆ ಮನಿಯಿಂದ ಬಂದದ್ದು, ಇದು ಆ್ಯಪಿನಾಗ ಎಲ್ಲಿ ಸಿಗ್ತದ ಹೇಳ್ರಿ. ಮತ್ತ ಒಂದು, ಸೇಲ್ ಡೀಡಿಗೆ ಸಹಿ ಹಾಕಾಂವನೂ ವಿಟ್ನೆಸ್ಸೇ, ಆದ್ರ ಅಂವ ಸಹಿ ಮಾಡಿದ್ದಕ್ಕ ಸಾಕ್ಷಿ, ಹೊಲದ ತಕರಾರಿಗಲ್ಲ. ಮನಿ ತಗೊಳ್ಳೋ ಮುಂದ ಎಲ್ಲಾರೂ ಇದನ್ನ ತಿಳ್ಕೋಬೇಕು. ಹಿಂದಿನ ಅಂಗಡಿಯವರು ‘ಸಾಕ್ಷ್ಯ’ ಅಂತ ಇದ್ದಲ್ಲೂ ವಿಟ್ನೆಸ್ ಅಂತ ಹಾಕಿದ್ರು. ಸಾಕ್ಷಿ ಮನಷ್ಯಾ, ಸಾಕ್ಷ್ಯ ಅಂವ ಕೊಡೋ ಪುರಾವೆ, ಅದಕ್ಕ ಎವಿಡೆನ್ಸ್ ಅನ್ನಬೇಕು.

ಇನ್ನ ಬೈಸ್ಟ್ಯಾಂಡರ್. ಬಾಜೂಕ ನಿಂತಾಂವ. ನೋಡಬೇಕಂತ ಬಂದಿಲ್ಲ, ಡ್ಯೂಟಿನೂ ಇಲ್ಲ, ತನ್ನ ಕೆಲಸಕ್ಕ ಅಲ್ಲಿದ್ದ, ಘಟನಾ ಅಂವನ ಮುಂದ ಆಯ್ತು. ನಾ ಅವತ್ತು ಇದೇ ಆಗಿದ್ದೆ. ಇದಕ್ಕ ಕನ್ನಡದಾಗ ಏನು ಅಂತ ಚಾಚಾ ಕೇಳಿದ್ರು, ನಾ ತಟ್ಟನ ‘ತಟಸ್ಥ’ ಅಂದೆ. ತಟ ಅಂದ್ರ ದಂಡಿ, ಸ್ಥ ಅಂದ್ರ ನಿಂತಾಂವ, ನೀರಿಗೆ ಇಳಿಯಲಾರದ ಹೊಳಿ ದಂಡಿ ಮ್ಯಾಲ ನಿಂತಾಂವ. ಎಷ್ಟು ವರ್ಷ ಮಕ್ಕಳಿಗೆ ಪಾಠ ಮಾಡೀನಿ, ಇದು ಬೈಸ್ಟ್ಯಾಂಡರಿನ ಅಣ್ಣನಂಗ ಅದ ಅಂತ ಅವತ್ತೇ ಹೊಳೆದದ್ದು. ಆದ್ರ ಈಗ ತಟಸ್ಥ ಅಂದ್ರ ಯಾವ ಕಡಿನೂ ಸೇರಲಾರದಾಂವ ಅಂತ ಅರ್ಥ ಸರಿದದ, ಅದಕ್ಕ ಕೋರ್ಟ್ ಕಾಗದದಾಗ ನಡೆಯಂಗಿಲ್ಲ, ‘ಸ್ಥಳದಲ್ಲಿದ್ದವರು’ ಅಂತಾನೇ ಬರೀಬೇಕು. ನಮ್ಮ ಪೇಪರಿನವರು ಇಂಥ ಕಡಿ ‘ಮೂಕಪ್ರೇಕ್ಷಕರು’ ಅಂತಾರ, ಬೈಸ್ಟ್ಯಾಂಡರಿನ ಜಾಗದಾಗ ಸ್ಪೆಕ್ಟೇಟರನ್ನ ತಂದು ಕೂಡಿಸ್ತಾರ, ಅದರಾಗ ಬೈಗುಳ ಸೇರ್ಕೊಂಡದ. ಬೈಸ್ಟ್ಯಾಂಡರಿನಾಗ ಬೈಗುಳ ಇಲ್ಲ.

ಈ ಶಬ್ದ ನಾ ಮೊದಲು ಕೇಳಿದ್ದು ದವಾಖಾನ್ಯಾಗ, ಅವ್ವಗ ಆಪರೇಷನ್ ಆದಾಗ. ಕೇರಳದ ನರ್ಸ್ ಬಂದು ‘ಬೈಸ್ಟ್ಯಾಂಡರ್ ಯಾರು?’ ಅಂದ್ರು, ನಂಗ ತಿಳಿಲಿಲ್ಲ. ಅವರ ಕಡೆ ಪೇಷಂಟಿನ ಸಂಗಡ ಇರೋರಿಗೇ ಬೈಸ್ಟ್ಯಾಂಡರ್ ಅಂತಾರ. ಹಗಲು ರಾತ್ರಿ ಮಂಚದ ಬಾಜೂಕ ನಿಂತು ಗುಳಗಿ ಕೊಟ್ಟು ಗಂಜಿ ಕುಡಿಸೋರು. ಅದೂ ಛಲೋ ಬಳಕಿನೇ, ಆದ್ರ ಅವರ ಊರಿನದು, ಕಾಗದದಾಗ ಎಲ್ಲಾ ಕಡೆ ನಡೆಯಂಗಿಲ್ಲ.

ಈ ಶಬ್ದಕ್ಕ ಕಾನೂನಿನಾಗೂ ಜಾಗ ಅದ, ಇದು ರೋಡಿನ ಮ್ಯಾಲ ಓಡಾಡೋ ಎಲ್ಲಾರಿಗೂ ಗೊತ್ತಿರಬೇಕಂತ ಇಲ್ಲಿ ಬರೀಲಕತ್ತೀನಿ. ಕೇಂದ್ರ ಸರ್ಕಾರ 2015ರ ಮೇ 12ಕ್ಕ ಹೊರಡಿಸಿದ ಆದೇಶದಾಗ ಬೈಸ್ಟ್ಯಾಂಡರ್, ಗುಡ್ ಸಮಾರಿಟನ್ (ಅಂದ್ರ ತಾನಾಗೇ ಸಹಾಯಕ್ಕ ಬಂದಾಂವ), ಐವಿಟ್ನೆಸ್ ಅಂತ ಮೂರೂ ಶಬ್ದ ಬರ್ತಾವ. ಗಾಯ ಆದೋರನ್ನ ದವಾಖಾನಿಗೆ ತಂದಾಂವನ್ನ ಲಗೂನೇ ಬಿಟ್ಟು ಕಳಸಬೇಕು, ಏನೂ ಕೇಳಬಾರ್ದು, ವಿಳಾಸ ಕೊಡಬೇಕಾದ್ದು ಐವಿಟ್ನೆಸ್ ಮಾತ್ರ. 2016ರ ಮಾರ್ಚಿನಾಗ ಸುಪ್ರೀಂ ಕೋರ್ಟ್ ಇದಕ್ಕ ಕಾನೂನಿನ ಬಲ ಕೊಡ್ತು, 2019ರ ಮೋಟಾರು ವಾಹನ ತಿದ್ದುಪಡಿಯೊಳಗ 134ಎ ಕಲಮಾಗಿ ಗುಡ್ ಸಮಾರಿಟನ್‌ಗೆ ರಕ್ಷಣಾನೂ ಬಂತು. ನೋಡ್ರಿ, ಬೈಸ್ಟ್ಯಾಂಡರ್ ಮತ್ತ ಐವಿಟ್ನೆಸ್ ನಡುವಿನ ಪರಕಿನ ಮ್ಯಾಲೇ ನೀವು ವಿಳಾಸ ಕೊಡಬೇಕೋ ಬ್ಯಾಡೋ ಅನ್ನೋದು ನಿಂತದ. ನಾ ಲಾರಿ ಕಂಡಿದ್ದೆ, ವಿಳಾಸ ಕೊಟ್ಟೆ, ಅದಕ್ಕ ನಂಗ ಬ್ಯಾಸರ ಇಲ್ಲ. ಆದ್ರ ಅವತ್ತು ಟಂಟಂ ಹತ್ತಲಿಕ್ಕೆ ಹೆದರಿದ ಮಂದಿಗೆ ಈ ಮಾತು ಗೊತ್ತಿದ್ರ ಎಷ್ಟೋ ಛಲೋ ಇತ್ತು.

ಆನ್‌ಲುಕರ್ ಅಂದ್ರ ಗುಂಪುಗೂಡಿ ನೋಡ್ತಾ ನಿಲ್ಲೋರು, ಹೆಚ್ಚಾಗಿ ಬಹುವಚನದಾಗೇ ಬರ್ತದ. ಅವತ್ತು ಮೊಬೈಲ್ ಎತ್ತಿ ವಿಡಿಯೋ ಮಾಡ್ಲಕತ್ತಿದ್ದವರಿಗೆ ಇದೇ ಶಬ್ದ ಹೊಂದ್ತದ, ನನಗೂ ಬಾಳೆಹಣ್ಣಿನಾಕಿಗೂ ಬೈಸ್ಟ್ಯಾಂಡರ್ ಅಂದ್ರು ಚಾಚಾ. ಎಷ್ಟು ಬರೋಬ್ಬರಿ ಅದ! ದಾರಿಹೋಕ ಆದ್ರ ಪಾಸರ್‌ಬೈ, ಬಹುವಚನ ಪಾಸರ್ಸ್‌ಬೈ, ಎಸ್ ನಡುವ ಬರ್ತದ, ಇದು ನಾ ಮೊದಲಿಂದ ತಪ್ಪೇ ಬರೀತಿದ್ದೆ.

ಮನಿಗೆ ಬಂದು ಅಣ್ಣನ ಮಗಳಿಗೆ ಹೇಳಿದ್ರ, ಅಕಿ ತನ್ನ ಪಾಠದಾಗಿನ ಬೈಸ್ಟ್ಯಾಂಡರ್ ಎಫೆಕ್ಟ್ ತಗದಳು. 1968ರಾಗ ಅಮೆರಿಕಾದ ಡಾರ್ಲಿ ಮತ್ತ ಲಟಾನೆ ಅನ್ನೋ ಇಬ್ಬರು ಮಾಡಿದ ಪ್ರಯೋಗ. ವಿದ್ಯಾರ್ಥಿಗಳನ್ನ ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಖೋಲ್ಯಾಗ ಕೂಡಿಸಿ, ಮೈಕಿನಾಗ ಒಬ್ಬಗ ಫಿಟ್ಸ್ ಬಂದಂಗ ಧ್ವನಿ ಕೇಳಿಸಿದ್ರು. ಕೇಳ್ಲಕತ್ತಾಂವ ತಾನೊಬ್ಬನೇ ಅಂತ ತಿಳಿದವರೊಳಗ ನೂರಕ್ಕ 85 ಮಂದಿ ಅಂವನ ಧ್ವನಿ ನಿಲ್ಲೂದ್ರಾಗ ಎದ್ದು ಹೋದ್ರು, ಇನ್ನೂ ನಾಕು ಮಂದಿ ಕೇಳ್ಲಕತ್ತಾರ ಅಂತ ತಿಳಿದವರೊಳಗ 31 ಮಂದಿ ಅಷ್ಟೇ. ಮಂದಿ ಕೆಟ್ಟವರಲ್ಲ ಕಾಕಾ, ಇನ್ನೊಬ್ಬರು ಹೋಗ್ತಾರ ಅಂತ ಎಲ್ಲಾರೂ ನಿಲ್ತಾರ ಅಂದ್ಳು. ಅವತ್ತು ನಾ ‘ಯಾರರ ಬರ್ರಿ, ಯಾರರ ಬರ್ರಿ’ ಅಂತ ಒದರಿದಾಗ ಯಾರೂ ಬಂದಿರಲಿಲ್ಲ, ಒಬ್ಬನ ಮುಖ ನೋಡಿ ‘ಏ ಕೆಂಪು ಅಂಗಿ ತಮ್ಮಾ, ನೀ ಬಾ, ಕಾಲು ಹಿಡಿ’ ಅಂದ ತಕ್ಷಣ ಅಂವ ಓಡಿ ಬಂದಿದ್ದ, ಅಂವನ ಹಿಂದ ಇನ್ನಿಬ್ಬರು ಬಂದ್ರು. ಐದು ವರ್ಷ ಆದ ಮ್ಯಾಲ ಅದಕ್ಕ ಕಾರಣ ತಿಳೀತು.

ಈಗ ಅನುವಾದಕ್ಕ ಬರ್ತೀನಿ. ನನ್ನ ಹೇಳಿಕಿಯೊಳಗ ಚಾಚಾ ಕಡೀಕ ಏನು ಮಾಡ್ಯಾರ ಗೊತ್ತೇನು, ನನಗ ಹೆಸರೇ ಇಟ್ಟಿಲ್ಲ. ‘ರಸ್ತಾ ಬಾಜೂಕ ನಿಂತಿದ್ದೆ, ಸಪ್ಪಳ ಕೇಳಿ ತಿರುಗಿದೆ, ಲಾರಿ ಬಲಗಡಿ ಇದ್ದದ್ದು ಕಂಡೆ’ ಅಂತ ಕ್ರಿಯಾಪದದಾಗೇ ಇಂಗ್ಲಿಷ್ ಮಾಡ್ಯಾರ. ನೀವು ಕನ್ನಡದಾಗ ‘ನಾ ಸಾಕ್ಷಿದಾರ’ ಅಂತ ಎಲ್ಲಿ ಅಂದೀರಿ, ‘ಕಂಡೆ’ ಅಂದೀರಿ, ಹಂಗಾರ ಇಂಗ್ಲಿಷಿನಾಗೂ ‘ಕಂಡೆ’ ಅಂತೇ ಇರಲಿ ಅಂದ್ರು. ಇಷ್ಟೆಲ್ಲಾ ಶಬ್ದ ಗೊತ್ತಿದ್ದಾಂವ ಅವನ್ನೆಲ್ಲಾ ಬದಿಗಿಟ್ಟು ಇದ್ದದ್ದನ್ನ ಇದ್ದಂಗ ಇಟ್ಟದ್ದು ನೋಡಿ ನಂಗ ಕೈ ಮುಗೀಬೇಕನಿಸ್ತು. ವಕೀಲರೂ ಓದಿ ಒಂದು ಕಡೆನೂ ತಿದ್ದಲಿಲ್ಲ.

ತೊಂದರಿ ಇಲ್ಲ ಅಂತಲ್ಲ. ರೇಟು ಪುಟಕ್ಕ 120, ಏಳು ಪುಟಕ್ಕ 840 ಆಯ್ತು, ಬಡವರಿಗೆ ಇದು ಸಣ್ಣ ರೊಕ್ಕ ಅಲ್ಲ. ಎರಡು ದಿನ ಅಂದಿದ್ರು, ನಾಕು ದಿನ ತಗೊಂಡ್ರು, ಯಾಕಂದ್ರ ಒಂದು ಶಬ್ದ ಕೇಳಲಿಕ್ಕೆ ನಂಗ ಫೋನ್ ಮಾಡಿದ್ರಂತ, ನಾ ಕ್ಲಾಸಿನಾಗಿದ್ದೆ, ಎತ್ತಲಿಲ್ಲ, ಕೇಳಲಾರದ ಟೈಪ್ ಮಾಡಂಗಿಲ್ಲ ಅಂತ ಕಾಗದ ಹಂಗೇ ಇಟ್ಟಿದ್ರು. ಅರ್ಜಂಟ್ ಇದ್ದೋರಿಗೆ ಇದು ಕಷ್ಟ ಆಗ್ತದ. ಒಂದು ಕಡೆ ‘ಗುಲ್ಬರ್ಗಾ’ ಅಂತ ಉಳದಿತ್ತು, 2014ರ ನವೆಂಬರಿನಾಗೇ ಸರ್ಕಾರ ಹೆಸರು ಬದಲು ಮಾಡ್ಯದಲ್ಲ ಚಾಚಾ ಅಂದೆ, ಹೌದು ಬೇಟಾ ಕೈಗೆ ರೂಢಿ ಅಂದು ಅಲ್ಲೇ ತಿದ್ದಿ ಬ್ಯಾರೆ ಪ್ರಿಂಟ್ ಕೊಟ್ರು, ರೊಕ್ಕ ತಗೊಳ್ಳಲಿಲ್ಲ. ಮೊಬೈಲಿನಾಗ ತಗದ ಫೋಟೋ ಕೊಟ್ರ ಕೆಲಸ ಹಿಡಿಯಂಗಿಲ್ಲ, ಮೂಲ ಇಲ್ಲಾ ಛಲೋ ಜೆರಾಕ್ಸ್ ಬೇಕು. ಕೆಳಗ ನಿಜ ಅನುವಾದ ಅಂತ ಬರದು ತಾವೇ ಸಹಿ ಮಾಡ್ತಾರ.

ನನ್ನ ಕಡಿಂದ ಐದಕ್ಕ ನಾಕೂವರಿ. ಆ ಅರ್ಧ ಕಮ್ಮಿ ಆಗಿದ್ದು ಕೂಡಲಿಕ್ಕೆ ಜಾಗ ಇಲ್ಲದ್ದಕ್ಕ, ವಯಸ್ಸಾದೋರು ನಿಂತೇ ಕಾಯ್ತಾರ, ಹುಡುಗನ ಅಪ್ಪನೂ ಮೆಟ್ಟಿಲ ಮ್ಯಾಲೇ ಕೂತಿದ್ದ. ಹೋಗೋರು ಮುಂಜಾನಿ ಹನ್ನೊಂದರ ಸುಮಾರಿಗೆ ಹೋಗ್ರಿ, ಶುಕ್ರವಾರ ನಮಾಜಿಗೆ ಮಧ್ಯಾಹ್ನ ಬಾಗಿಲು ಹಾಕಿರ್ತಾರ, ಮತ್ತ ಕಾಗದ ಕೊಟ್ಟು ಬಂದ ಮ್ಯಾಲ ಅವರ ಫೋನ್ ಬಂದ್ರ ಎತ್ತರಿ.